ದುಡ್ಡು ಈಸಿಕೊಂಡವನು ಒಬ್ಬ, ಡೇಟಾ ಇಟ್ಟುಕೊಂಡವನು ಇನ್ನೊಬ್ಬ: ಚೇಂಜ್ ಹೆಲ್ತ್‌ಕೇರ್ ಪ್ರಕರಣ

2024ರ ಮಾರ್ಚ್ 1ರಂದು ಒಂದು ಬಿಟ್‌ಕಾಯಿನ್ ವ್ಯಾಲೆಟ್‌ಗೆ 350 ಬಿಟ್‌ಕಾಯಿನ್ ಬಂದು ಬಿತ್ತು. ಅವತ್ತಿನ ದರದಲ್ಲಿ ಸುಮಾರು 2.2 ಕೋಟಿ ಡಾಲರ್. ನಮ್ಮ ದುಡ್ಡಲ್ಲಿ 180 ಕೋಟಿ ರೂಪಾಯಿ ಆಸುಪಾಸು. ಕೊಟ್ಟದ್ದು, ತನ್ನ ಒಡೆತನದ ಚೇಂಜ್ ಹೆಲ್ತ್‌ಕೇರ್ ಮೇಲೆ ದಾಳಿಯಾಗಿದ್ದರಿಂದ, ಅಮೆರಿಕದ ಅತಿ ದೊಡ್ಡ ಆರೋಗ್ಯ ವಿಮಾ ಕಂಪನಿ ಯುನೈಟೆಡ್‌ಹೆಲ್ತ್ ಗ್ರೂಪ್. ಪಡೆದದ್ದು ಬ್ಲ್ಯಾಕ್‌ಕ್ಯಾಟ್ ಅನ್ನುವ, ಕಂಪ್ಯೂಟರ್‌ಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಗುಂಪು. ಆಲ್ಫ್‌ವಿ ಅಂತಲೂ ಅದಕ್ಕೆ ಹೆಸರಿದೆ.

ಇಂಥ ವ್ಯವಹಾರದಲ್ಲಿ ದುಡ್ಡು ಕೊಡುವವರು ಎರಡು ಸಾಮಾನು ಕೊಳ್ಳುತ್ತಾರೆ. ಒಂದು, ಬೀಗ ಬಿದ್ದ ಕಂಪ್ಯೂಟರ್‌ಗಳನ್ನು ತೆಗೆಯುವ ಕೀ. ಇನ್ನೊಂದು, ಕದ್ದ ಡೇಟಾವನ್ನು ಅಳಿಸಿ ಹಾಕುತ್ತೇವೆ, ಯಾರಿಗೂ ಮಾರುವುದಿಲ್ಲ ಅನ್ನುವ ಮಾತು. ಕೀ ಕೆಲಸ ಮಾಡುತ್ತದೋ ಇಲ್ಲವೋ ಹಾಕಿ ನೋಡಬಹುದು. ಮಾತನ್ನು ಹೇಗೆ ನೋಡುವುದು? ಈ ಪ್ರಕರಣದಲ್ಲಿ ಆ ಮಾತಿನ ಬೆಲೆ ಏನು ಅಂತ ಎರಡೇ ದಿನದಲ್ಲಿ ಗೊತ್ತಾಯಿತು. ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ರ‍್ಯಾನ್ಸಮ್‌ವೇರ್ ದಾಳಿ ಅಂದರೆ ಒಬ್ಬ ಕಳ್ಳ, ಒಂದು ಸಲ, ಒಂದು ವಸೂಲಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೆ ಇಲ್ಲವೇ ಇಲ್ಲ.

ನಡುವೆ ಕೂತಿದ್ದ ಕಂಪನಿ

ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಅಮೆರಿಕದ ಮೆಡಿಕಲ್ ಬಿಲ್ಲಿಂಗ್ ಮಾಡಿದವರಿಗೆ ಕ್ಲಿಯರಿಂಗ್‌ಹೌಸ್ ಅಂದರೆ ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ ಎರಡು ಮಾತು. ಅಮೆರಿಕದಲ್ಲಿ ಔಷಧದ ಅಂಗಡಿಗೆ ಡಾಕ್ಟರ ಚೀಟಿ ಹೋದರೆ ಕೌಂಟರಿನವರು ಮೊದಲು ನೋಡುವುದು ಕಂಪ್ಯೂಟರ್. ಈ ಮಾತ್ರೆಗೆ ವಿಮೆ ಎಷ್ಟು ಕೊಡುತ್ತದೆ, ರೋಗಿ ಕೈಯಿಂದ ಎಷ್ಟು ಹಾಕಬೇಕು ಅಂತ ವಿಮಾ ಕಂಪನಿಯನ್ನು ಕೇಳುತ್ತದೆ, ಉತ್ತರ ಕೆಲವೇ ಸೆಕೆಂಡಿನಲ್ಲಿ ಬರುತ್ತದೆ. ಡಾಕ್ಟರ ಬಿಲ್ಲು, ಆಸ್ಪತ್ರೆಯ ಬಿಲ್ಲು, ಆಪರೇಷನ್‌ಗೆ ಮೊದಲು ಪಡೆಯುವ ಅನುಮತಿ, ಎಲ್ಲವೂ ಹೀಗೇ ಓಡಾಡುತ್ತವೆ. ಈ ಪ್ರಶ್ನೆ ಉತ್ತರಗಳನ್ನು ಅತ್ತಿಂದಿತ್ತ ಸಾಗಿಸುವ ದೊಡ್ಡ ದಲ್ಲಾಳಿಯೇ ಚೇಂಜ್ ಹೆಲ್ತ್‌ಕೇರ್. ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನ ಕಂಪನಿ. ವರ್ಷಕ್ಕೆ ಇಂಥ 1,500 ಕೋಟಿ ವ್ಯವಹಾರಗಳು, ಅಮೆರಿಕದ ಪ್ರತಿ ಮೂರು ರೋಗಿಗಳಲ್ಲಿ ಒಬ್ಬರ ದಾಖಲೆ ಇದರ ಕೈ ಹಾದು ಹೋಗುತ್ತದೆ ಅಂತ ಕಂಪನಿಯೇ ಹೇಳಿಕೊಳ್ಳುತ್ತಿತ್ತು.

ರೋಗಿಗಳಿಗೆ ಮಾತ್ರ ಈ ಹೆಸರೇ ಗೊತ್ತಿರಲಿಲ್ಲ. ಈ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಯುನೈಟೆಡ್‌ಹೆಲ್ತ್ ಇದನ್ನು ಕೊಳ್ಳಲು ಹೊರಟಾಗ ಅಮೆರಿಕದ ನ್ಯಾಯ ಇಲಾಖೆ ಬೇಡ ಅಂತ ಕೋರ್ಟಿಗೆ ಹೋಗಿತ್ತು. ಸೋತಿತು. 2022ರ ಅಕ್ಟೋಬರ್‌ನಲ್ಲಿ ಖರೀದಿ ಮುಗಿಯಿತು.

ಕಳ್ಳ ಒಳಗೆ ಬಂದ ದಾರಿ

ದೊಡ್ಡ ಚಾಣಾಕ್ಷತನವೇನೂ ಬೇಕಾಗಲಿಲ್ಲ. 2024ರ ಫೆಬ್ರವರಿ 12ರಂದು ಯಾರೋ ಒಬ್ಬರು ಕದ್ದ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಚೇಂಜ್ ಕಂಪನಿಯ ಸಿಟ್ರಿಕ್ಸ್ ಪೋರ್ಟಲ್‌ಗೆ ಲಾಗಿನ್ ಆದರು. ಮನೆಯಿಂದ ಕೆಲಸ ಮಾಡುವವರು ಆಫೀಸಿನ ಕಂಪ್ಯೂಟರ್ ತೆರೆಯಲು ಬಳಸುವ ಬಾಗಿಲು ಅದು. ಪಾಸ್‌ವರ್ಡ್ ಆದ ಮೇಲೆ ಫೋನಿಗೆ ಒಂದು ಒಟಿಪಿ ಬರುತ್ತದಲ್ಲ, ಅಂಥ ಎರಡನೇ ತಪಾಸಣೆ ಆ ಬಾಗಿಲಿಗೆ ಇರಲಿಲ್ಲ. ನಾವು ನೂರು ರೂಪಾಯಿ ಕಳಿಸಬೇಕಾದರೂ ಪಿನ್ ಒತ್ತುತ್ತೇವೆ, ಇಲ್ಲಿ ಕೋಟ್ಯಂತರ ಜನರ ಆಸ್ಪತ್ರೆ ದಾಖಲೆಗೆ ಬರೀ ಪಾಸ್‌ವರ್ಡ್.

ಒಳಗೆ ಬಂದವರು ಒಂಬತ್ತು ದಿನ ಒಳಗೇ ಇದ್ದರು. ಸದ್ದಿಲ್ಲದೆ ಓಡಾಡಿದರು. ಫೆಬ್ರವರಿ 17ರಿಂದ 20ರವರೆಗೆ ಡೇಟಾ ಹೊರಗೆ ಸಾಗಿಸಿದರು. 21ರ ಬೆಳಗ್ಗೆ ಬೀಗ ಜಡಿದರು. ಕ್ರಮ ಗಮನಿಸಿ: ಮೊದಲು ಕಳವು, ಆಮೇಲೆ ಬೀಗ. ಬೀಗ ಬಿದ್ದ ಮೇಲೆ ಕಂಪನಿ ಎಚ್ಚರವಾಗುತ್ತದೆ, ತಂತಿ ಕಿತ್ತು ಹಾಕುತ್ತದೆ, ಹಾಗಾಗಿ ಸಾಗಿಸುವುದೆಲ್ಲ ಅದಕ್ಕೆ ಮೊದಲೇ ಮುಗಿದಿರುತ್ತದೆ.

ಮೇ 1ರಂದು ಯುನೈಟೆಡ್‌ಹೆಲ್ತ್‌ನ ಆಗಿನ ಮುಖ್ಯಸ್ಥ ಆ್ಯಂಡ್ರೂ ವಿಟ್ಟಿ ಅವರನ್ನು ಸೆನೆಟ್ ಸಮಿತಿ ಕರೆಸಿತು. ಹೊರಗಿನಿಂದ ತೆರೆಯುವ ಎಲ್ಲ ಸಿಸ್ಟಂಗಳಿಗೂ ಎರಡನೇ ತಪಾಸಣೆ ಇರಬೇಕು ಅನ್ನುವುದು ತಮ್ಮ ನಿಯಮ, ಆದರೆ ಈ ಒಂದು ಸರ್ವರ್‌ಗೆ ಇರಲಿಲ್ಲ ಅಂತ ಅವರು ಒಪ್ಪಿಕೊಂಡರು. ಉತ್ತರ ಕೆರೊಲಿನಾದ ಸೆನೆಟರ್ ಥಾಮ್ ಟಿಲ್ಲಿಸ್ ಹ್ಯಾಕಿಂಗ್ ಕಲಿಯುವ ಹೊಸಬರಿಗಾಗಿ ಬರೆದ ಪುಸ್ತಕವೊಂದನ್ನು ತಂದು, ಇದೆಲ್ಲ ಬಹಳ ಸಾಮಾನ್ಯ ಜ್ಞಾನ ಸ್ವಾಮಿ ಅನ್ನುವ ಹಾಗೆ ಎತ್ತಿ ತೋರಿಸಿದರು. ಈಗ ಎಲ್ಲ ಕಡೆ ಎರಡನೇ ತಪಾಸಣೆ ಹಾಕಿದ್ದೇವೆ ಅಂತ ವಿಟ್ಟಿ ಹೇಳಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಅದೇ.

ಬೀಗ ಬಿದ್ದ ದಿನಗಳು

ಮೊದಲು ಕಂಪನಿ ಷೇರು ಮಾರುಕಟ್ಟೆಯ ನಿಯಂತ್ರಕರಿಗೆ ಕೊಟ್ಟ ವಿವರಣೆಯಲ್ಲಿ ಇದು ಯಾವುದೋ ದೇಶದ ಸರ್ಕಾರದ ಜೊತೆ ನಂಟಿರುವವರ ಕೆಲಸ ಇರಬಹುದು ಅಂತ ಇತ್ತು. ಒಂದು ವಾರದ ಮೇಲೆ, ಫೆಬ್ರವರಿ 29ಕ್ಕೆ, ಅಲ್ಲ ಇದು ಬ್ಲ್ಯಾಕ್‌ಕ್ಯಾಟ್ ಅಂತ ಒಪ್ಪಿಕೊಂಡರು. ಅಷ್ಟರಲ್ಲಿ ಔಷಧದ ಅಂಗಡಿಗಳಲ್ಲಿ ಕ್ಯೂ ನಿಂತಿತ್ತು. ವಿಮೆ ಇದ್ದವರೂ ಪೂರ್ತಿ ದುಡ್ಡು ಕೊಟ್ಟು ಮಾತ್ರೆ ಕೊಳ್ಳಬೇಕಾಯಿತು, ಕೈಯಲ್ಲಿ ದುಡ್ಡಿಲ್ಲದವರು ಬರಿಗೈಲಿ ವಾಪಸ್ ಹೋದರು. ಜಗತ್ತಿನ ಬೇರೆ ಬೇರೆ ಕಡೆ ಇರುವ ಅಮೆರಿಕದ ಸೇನಾ ಔಷಧಾಲಯಗಳಿಗೂ ತೊಂದರೆ ತಟ್ಟಿತು.

ಡಾಕ್ಟರುಗಳ ಪಾಡು ಇನ್ನೊಂದು ಬಗೆ. ಚಿಕಿತ್ಸೆ ಕೊಡುತ್ತಿದ್ದಾರೆ, ಬಿಲ್ಲು ಹೋಗುತ್ತಿಲ್ಲ, ದುಡ್ಡು ಬರುತ್ತಿಲ್ಲ. ಅಮೆರಿಕದ ವೈದ್ಯರ ಸಂಘದ ಸಮೀಕ್ಷೆಯಲ್ಲಿ ಉತ್ತರ ಕೊಟ್ಟವರ ಪೈಕಿ ಶೇ 55ರಷ್ಟು ಜನ ಕ್ಲಿನಿಕ್ ನಡೆಸಲು ತಮ್ಮ ಸ್ವಂತ ದುಡ್ಡು ಹಾಕಿದ್ದೇವೆ ಅಂದರು. ಆಸ್ಪತ್ರೆಗಳ ಸಂಘದ ಸಮೀಕ್ಷೆಯಲ್ಲಿ ಶೇ 74ರಷ್ಟು ಆಸ್ಪತ್ರೆಗಳು ರೋಗಿಗಳ ಆರೈಕೆಗೇ ನೇರವಾಗಿ ಪೆಟ್ಟು ಬಿದ್ದಿದೆ ಅಂದವು. ಕೊನೆಗೆ ಯುನೈಟೆಡ್‌ಹೆಲ್ತ್ ಕಂಪನಿಯೇ ಆಸ್ಪತ್ರೆಗಳಿಗೂ ಡಾಕ್ಟರುಗಳಿಗೂ ಬಡ್ಡಿಯಿಲ್ಲದ ಕೈಗಡ ಕೊಡಬೇಕಾಯಿತು. ಅದು ಸುಮಾರು 900 ಕೋಟಿ ಡಾಲರ್‌ವರೆಗೆ ಹೋಯಿತು.

ಈ ಒತ್ತಡದಲ್ಲಿ ಕೂತು ದುಡ್ಡು ಕೊಟ್ಟವರನ್ನು ಹೊರಗಿನಿಂದ ಬೈಯುವುದು ಸುಲಭ. ತನ್ನ ಜೀವನದ ಅತಿ ಕಷ್ಟದ ತೀರ್ಮಾನಗಳಲ್ಲಿ ಅದೂ ಒಂದು ಅಂತ ವಿಟ್ಟಿ ಹೇಳಿದ್ದಾರೆ. ಇರಬಹುದು. ನನ್ನ ತಕರಾರು ಬೇರೆ ಕಡೆ ಇದೆ, ಕೊನೆಗೆ ಬರುತ್ತೇನೆ.

ಕಳ್ಳರ ಕಂಪನಿಯ ಒಳಗೆ

ಬ್ಲ್ಯಾಕ್‌ಕ್ಯಾಟ್ ಒಂದು ಗ್ಯಾಂಗ್ ಅನ್ನುವುದಕ್ಕಿಂತ ಫ್ರಾಂಚೈಸಿ ಅಂದರೆ ಸರಿಹೋಗುತ್ತದೆ. ಹೋಟೆಲ್ ಹೆಸರು ಒಬ್ಬರದು, ಅಡುಗೆ ಮಾಡುವವರು ಊರೂರಿಗೆ ಬೇರೆ ಬೇರೆ. ಮೇಲೆ ಕೂತವರು ಬೀಗ ಜಡಿಯುವ ಸಾಫ್ಟ್‌ವೇರ್ ಬರೆಯುತ್ತಾರೆ, ಬೆದರಿಕೆಯ ವೆಬ್‌ಸೈಟ್ ನಡೆಸುತ್ತಾರೆ, ಚೌಕಾಸಿಯ ಚಾಟ್ ಕಿಟಕಿ ಇಡುತ್ತಾರೆ, ವ್ಯಾಲೆಟ್ ನೋಡಿಕೊಳ್ಳುತ್ತಾರೆ. ಕಂಪನಿಗಳಿಗೆ ನುಗ್ಗುವ ಕೆಲಸ ಅಫಿಲಿಯೇಟ್‌ಗಳದು, ಅಂದರೆ ಗುತ್ತಿಗೆ ಕಳ್ಳರು. ನುಗ್ಗಿದವನೇ ಡೇಟಾ ಕದಿಯುತ್ತಾನೆ, ಹಾಗಾಗಿ ಡೇಟಾ ಅವನ ಹತ್ತಿರ ಇರುತ್ತದೆ. ವಸೂಲಾದ ದುಡ್ಡಲ್ಲಿ ಶೇ 80ರಿಂದ 90ರವರೆಗೆ ಅವನಿಗೆ, ಉಳಿದದ್ದು ಮೇಲಿನವರಿಗೆ. ಆದರೆ ದುಡ್ಡು ಮೊದಲು ಬಂದು ಬೀಳುವುದು ಮೇಲಿನವರು ನೋಡಿಕೊಳ್ಳುವ ವ್ಯಾಲೆಟ್‌ಗೆ.

ಇಲ್ಲೇ ಇದ್ದದ್ದು ಸಂದು.

ಇನ್ನೊಂದು ಹಿನ್ನೆಲೆ ಗೊತ್ತಿರಬೇಕು. 2023ರ ಡಿಸೆಂಬರ್‌ನಲ್ಲಿ ಎಫ್‌ಬಿಐ ಬ್ಲ್ಯಾಕ್‌ಕ್ಯಾಟ್ ವೆಬ್‌ಸೈಟನ್ನು ವಶಪಡಿಸಿಕೊಂಡು, 500ಕ್ಕೂ ಹೆಚ್ಚು ಸಂತ್ರಸ್ತರಿಗೆ ಬೀಗ ತೆಗೆಯುವ ಕೀ ಕೊಡುವ ದಾರಿ ಮಾಡಿತ್ತು. ಗುಂಪು ಸಿಟ್ಟಿಗೆದ್ದಿತು. ಆಸ್ಪತ್ರೆಗಳ ತಂಟೆಗೆ ಹೋಗಬಾರದು ಅಂತ ತಾನೇ ಹಾಕಿಕೊಂಡಿದ್ದ ನಿಯಮವನ್ನು ತೆಗೆದು ಹಾಕಿತು. ಅದಾದ ಮೇಲೆ ಆರೋಗ್ಯ ಕ್ಷೇತ್ರದವರೇ ಜಾಸ್ತಿ ಬಲಿಯಾಗುತ್ತಿದ್ದಾರೆ ಅಂತ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಫೆಬ್ರವರಿ 27ರಂದು ಎಚ್ಚರಿಕೆ ಕೊಟ್ಟಿತು. ಚೇಂಜ್‌ಗೆ ಬೀಗ ಬಿದ್ದು ಆಗಲೇ ಆರು ದಿನ. ಅಂದರೆ ದುಡ್ಡು ಕೊಡುವ ಹೊತ್ತಿಗೆ ಬ್ಲ್ಯಾಕ್‌ಕ್ಯಾಟ್ ಮೇಲಿನವರು ಪೊಲೀಸರ ಕಣ್ಣಲ್ಲಿದ್ದರು, ಅವರ ಸುಳಿವು ಕೊಟ್ಟವರಿಗೆ 1 ಕೋಟಿ ಡಾಲರ್‌ವರೆಗೆ ಬಹುಮಾನ ಅಂತ ಅಮೆರಿಕ ಘೋಷಿಸಿ ಎರಡು ವಾರವಾಗಿತ್ತು. ಓಡಿ ಹೋಗಲು ಕಾರಣ ಇತ್ತು, ದೊಡ್ಡ ಗಂಟೊಂದು ಬೇಕಿತ್ತು. 350 ಬಿಟ್‌ಕಾಯಿನ್ ಬಂತು.

ಮಾರ್ಚ್ 3ರಂದು ರ‍್ಯಾಂಪ್ ಅನ್ನುವ, ರಷ್ಯನ್ ಭಾಷೆಯ ಕಳ್ಳರ ಆನ್‌ಲೈನ್ ಅಡ್ಡೆಯಲ್ಲಿ ನಾಚಿ ಅನ್ನುವ ಹೆಸರಿನವನೊಬ್ಬ ಗೋಳು ತೋಡಿಕೊಂಡ. ಚೇಂಜ್‌ಗೆ ನುಗ್ಗಿದ್ದು ನಾನು, ಕಂಪನಿ 2.2 ಕೋಟಿ ಡಾಲರ್ ಕೊಟ್ಟಿದೆ, ಬ್ಲ್ಯಾಕ್‌ಕ್ಯಾಟ್‌ನವರು ನನ್ನ ಅಕೌಂಟ್ ಬಂದ್ ಮಾಡಿ, ಇವತ್ತು ನಾಳೆ ಅಂತ ಸಾಗಹಾಕಿ, ಕೊನೆಗೆ ವ್ಯಾಲೆಟ್ ಖಾಲಿ ಮಾಡಿಕೊಂಡು ಹೋಗಿದ್ದಾರೆ, ಇವರ ಸಹವಾಸ ಮಾಡಬೇಡಿ, ಇದು ಅವನ ದೂರಿನ ಸಾರಾಂಶ. ಸಾಕ್ಷಿಗೆ ವ್ಯಾಲೆಟ್ ವಿಳಾಸವನ್ನೂ ಹಾಕಿದ್ದ. ಬಿಟ್‌ಕಾಯಿನ್ ಲೆಕ್ಕ ಯಾರು ಬೇಕಾದರೂ ನೋಡಬಹುದಾದ್ದರಿಂದ ಸಂಶೋಧಕರು ನೋಡಿದರು, ಮೊತ್ತ ಸರಿಹೊಂದಿತು. ಯುನೈಟೆಡ್‌ಹೆಲ್ತ್ ದುಡ್ಡು ಕೊಟ್ಟಿದೆ ಅನ್ನುವುದು ಹೊರಗೆ ಬಂದದ್ದೇ ಹೀಗೆ, ಕಳ್ಳನ ದೂರಿನಿಂದ. ಕಂಪನಿ ಬಾಯಿಬಿಟ್ಟು ಒಪ್ಪಿಕೊಂಡದ್ದು ಏಪ್ರಿಲ್ 22ಕ್ಕೆ.

ಅದೇ ದೂರಿನಲ್ಲಿ ಇನ್ನೊಂದು ಸಾಲಿತ್ತು. ಮುಖ್ಯವಾದದ್ದು ಅದೇ. 4 ಟೆರಾಬೈಟ್ ಡೇಟಾ ಇನ್ನೂ ನನ್ನ ಹತ್ತಿರವೇ ಇದೆ ಅಂದಿದ್ದ. ಮೆಡಿಕೇರ್ (ವೃದ್ಧರ ಸರ್ಕಾರಿ ವಿಮೆ), ಟ್ರೈಕೇರ್ (ಸೇನೆಯವರ ವಿಮೆ), ಸಿವಿಎಸ್ (ಔಷಧದಂಗಡಿಗಳ ದೊಡ್ಡ ಕಂಪನಿ) ಅಂತ ಯಾರ್ಯಾರ ಮಾಹಿತಿ ಅದರಲ್ಲಿದೆ ಅಂತ ಹೆಸರು ಪಟ್ಟಿ ಬೇರೆ.

ಮಾರ್ಚ್ 5ರಂದು ಬ್ಲ್ಯಾಕ್‌ಕ್ಯಾಟ್ ವೆಬ್‌ಸೈಟ್ ತೆರೆದವರಿಗೆ ಎಫ್‌ಬಿಐ, ಬ್ರಿಟನ್ನಿನ ಅಪರಾಧ ತನಿಖಾ ಸಂಸ್ಥೆ ಎನ್‌ಸಿಎ ಮುದ್ರೆಗಳಿದ್ದ ದೊಡ್ಡ ಫಲಕ ಕಂಡಿತು. ಈ ಸೈಟನ್ನು ವಶಪಡಿಸಿಕೊಳ್ಳಲಾಗಿದೆ ಅಂತ. ಒಂದು ಕ್ಷಣ ಎಲ್ಲರೂ ನಂಬುವ ಹಾಗೇ ಇತ್ತು, ಯಾಕೆಂದರೆ ಡಿಸೆಂಬರ್‌ನಲ್ಲಿ ನಿಜವಾಗಿಯೂ ಹಾಗೆ ಆಗಿತ್ತಲ್ಲ. ಆದರೆ ರ‍್ಯಾನ್ಸಮ್‌ವೇರ್ ಸಂಶೋಧಕ ಫೇಬಿಯನ್ ವೊಸಾರ್ ಆ ಪುಟದ ಹಿಂದಿನ ಕೋಡ್ ತೆಗೆದು ನೋಡಿದರು. ಫಲಕದ ಚಿತ್ರ ಬರುತ್ತಿದ್ದದ್ದು ‘ದಿಸ್ ವೆಬ್‌ಸೈಟ್ ಹ್ಯಾಸ್ ಬೀನ್ ಸೀಜ್ಡ್_ಫೈಲ್ಸ್’ ಅನ್ನುವ ಫೋಲ್ಡರಿನಿಂದ. ನಾವು ಬ್ರೌಸರ್‌ನಲ್ಲಿ ಯಾವುದಾದರೂ ಪುಟವನ್ನು ಸೇವ್ ಮಾಡಿದರೆ ಪಕ್ಕದಲ್ಲಿ ಪುಟದ ಹೆಸರಿಗೆ ಫೈಲ್ಸ್ ಅಂತ ಸೇರಿಸಿದ ಒಂದು ಫೋಲ್ಡರ್ ತಾನಾಗಿ ಹುಟ್ಟುತ್ತದಲ್ಲ, ಅದೇ. ಅಂದರೆ ಡಿಸೆಂಬರ್‌ನಲ್ಲಿ ಎಫ್‌ಬಿಐ ಹಾಕಿದ್ದ ಫಲಕವನ್ನು ಸೇವ್ ಮಾಡಿಟ್ಟುಕೊಂಡು, ಎರಡೂವರೆ ತಿಂಗಳಾದ ಮೇಲೆ ತಾವೇ ತಮ್ಮ ಬಾಗಿಲಿಗೆ ನೇತು ಹಾಕಿದ್ದರು. ಹೆಸರು ಬದಲಿಸುವಷ್ಟು ತಾಳ್ಮೆಯೂ ಇರಲಿಲ್ಲ. ನಮ್ಮ ಕೈವಾಡ ಇಲ್ಲ ಅಂತ ಎನ್‌ಸಿಎ ಹೇಳಿತು. ಇತ್ತ ಗುಂಪಿನವರು ಪೊಲೀಸರಿಂದಾಗಿ ಅಂಗಡಿ ಮುಚ್ಚುತ್ತಿದ್ದೇವೆ, ನಮ್ಮ ಸಾಫ್ಟ್‌ವೇರಿನ ಕೋಡ್ 50 ಲಕ್ಷ ಡಾಲರಿಗೆ ಮಾರಾಟಕ್ಕಿದೆ ಅಂತ ಬೋರ್ಡು ಹಾಕಿದರು. ಪೊಲೀಸರ ಹೆಸರಿನಲ್ಲಿ ತಮ್ಮದೇ ಕಳ್ಳರಿಗೆ ಟೋಪಿ.

ಎರಡನೇ ವಸೂಲಿ

ಏಪ್ರಿಲ್‌ನಲ್ಲಿ ರ‍್ಯಾನ್ಸಮ್‌ಹಬ್ ಅನ್ನುವ ಹೊಸ ಗುಂಪಿನ ಪಟ್ಟಿಯಲ್ಲಿ ಚೇಂಜ್ ಹೆಲ್ತ್‌ಕೇರ್ ಹೆಸರು ಬಂತು. ಹೊಸದಾಗಿ ನುಗ್ಗಿದ್ದಲ್ಲ. ಅದೇ ಹಳೇ 4 ಟೆರಾಬೈಟ್. ದುಡ್ಡು ಕೊಡಿ, ಇಲ್ಲದಿದ್ದರೆ ಮಾರುತ್ತೇವೆ. ಏಪ್ರಿಲ್ ನಡುವಿನಲ್ಲಿ ಬಿಲ್ಲುಗಳ, ವಿಮಾ ಕಂಪನಿಗಳ ಜೊತೆಗಿನ ಒಪ್ಪಂದಗಳ ಸ್ಕ್ರೀನ್‌ಶಾಟ್ ಹಾಕಿ ತೋರಿಸಿದರು. ಕೆಲವು ದಿನದ ಮೇಲೆ ಆ ಹೆಸರನ್ನು ಪಟ್ಟಿಯಿಂದ ತೆಗೆದರು.

ರ‍್ಯಾನ್ಸಮ್‌ಹಬ್ ಶುರುವಾಗಿದ್ದೇ 2024ರ ಫೆಬ್ರವರಿಯಲ್ಲಿ. ಅದು ಗುತ್ತಿಗೆ ಕಳ್ಳರನ್ನು ಸೆಳೆದ ರೀತಿ ನೋಡಿ: ನಮ್ಮಲ್ಲಿ ದುಡ್ಡು ನೇರವಾಗಿ ನಿಮ್ಮ ವ್ಯಾಲೆಟ್‌ಗೇ ಬರುತ್ತದೆ, ಶೇ 90 ನೀವೇ ಇಟ್ಟುಕೊಳ್ಳಿ, ನಮ್ಮ ಶೇ 10 ಆಮೇಲೆ ಕಳಿಸಿ. ಬ್ಲ್ಯಾಕ್‌ಕ್ಯಾಟ್‌ನಿಂದ ಏಟು ತಿಂದವರಿಗೆ ಇದಕ್ಕಿಂತ ಚೆನ್ನಾದ ಜಾಹೀರಾತು ಬೇಕಾ? ಕಳ್ಳರ ಲೋಕದಲ್ಲಿ ಕಳ್ಳರ ಹಿತ ಕಾಯಲು ನಿಯಮ ಬದಲಾಯಿತು. ದುಡ್ಡು ಕೊಟ್ಟ ಕಂಪನಿಯ ಹಿತ ಕಾಯುವ ನಿಯಮ ಯಾವ ಗುಂಪೂ ತರಲಿಲ್ಲ, ತರುವುದೂ ಇಲ್ಲ.

ಡೇಟಾ ಅಳಿಸುತ್ತೇವೆ ಅನ್ನುವ ಮಾತು ಪೊಳ್ಳು ಅಂತ ಆಗಲೇ ಸಾಕ್ಷಿ ಸಮೇತ ಗೊತ್ತಾಗಿತ್ತು ಅನ್ನುವುದು ಇನ್ನೊಂದು ವ್ಯಂಗ್ಯ. ಫೆಬ್ರವರಿ 20ರಂದು, ಚೇಂಜ್‌ಗೆ ಬೀಗ ಬೀಳುವ ಹಿಂದಿನ ದಿನ, ಬ್ರಿಟನ್ನಿನ ಎನ್‌ಸಿಎ ಮತ್ತು ಎಫ್‌ಬಿಐ ಸೇರಿ ಲಾಕ್‌ಬಿಟ್ ಅನ್ನುವ ಇನ್ನೊಂದು ದೊಡ್ಡ ಗುಂಪಿನ ಸರ್ವರ್‌ಗಳನ್ನು ವಶಪಡಿಸಿಕೊಂಡ ಸುದ್ದಿ ಹೊರಗೆ ಹಾಕಿದ್ದವು. ಆ ಸರ್ವರ್‌ಗಳಲ್ಲಿ ದುಡ್ಡು ಕೊಟ್ಟು ಕೈತೊಳೆದುಕೊಂಡಿದ್ದವರ ಡೇಟಾ ಕೂಡ ಹಾಗೇ ಇತ್ತು ಅಂತ ಎನ್‌ಸಿಎ ಹೇಳಿತ್ತು. ಚೇಂಜ್‌ನವರು ದುಡ್ಡು ಕಳಿಸಿದ್ದು ಅದಾಗಿ ಹತ್ತು ದಿನಕ್ಕೆ.

ರೋಗಿಗಳಿಗೆ ಬಂದ ಫೋನು, ಬಾರದ ಪತ್ರ

ಇಷ್ಟು ಹೊತ್ತು ದೊಡ್ಡವರ ಕಥೆ. ಈಗ ಸಣ್ಣವರದು.

ಮಾರ್ಚ್‌ನಲ್ಲೇ ಅಮೆರಿಕದ ಕೆಲವು ರಾಜ್ಯಗಳಲ್ಲಿ ರೋಗಿಗಳಿಗೆ ಫೋನ್ ಬರಲು ಶುರುವಾಯಿತು. ನಾವು ಆಸ್ಪತ್ರೆಯಿಂದ ಮಾತಾಡುತ್ತಿದ್ದೇವೆ, ಈ ಸೈಬರ್ ದಾಳಿಯಿಂದ ನಿಮ್ಮ ಬಿಲ್ಲು ಗೋಜಲಾಗಿದೆ, ನಿಮಗೆ ರೀಫಂಡ್ ಬರಬೇಕು, ಕ್ರೆಡಿಟ್ ಕಾರ್ಡ್ ನಂಬರ್ ಹೇಳಿ. ಆಸ್ಪತ್ರೆ ಸಂಘಗಳೂ ಅಧಿಕಾರಿಗಳೂ ಎಚ್ಚರಿಕೆ ಕೊಡಬೇಕಾಯಿತು. ಈ ಫೋನ್ ಮಾಡುವವರಿಗೆ ಕದ್ದ ಡೇಟಾದ ಅಗತ್ಯವೇ ಇಲ್ಲ ಅನ್ನುವುದನ್ನು ಗಮನಿಸಬೇಕು. ಪೇಪರಿನಲ್ಲಿ ಸುದ್ದಿ ಓದಿದ್ದರೆ ಸಾಕು. ಯಾರಿಗೆ ಫೋನ್ ಮಾಡಿದರೂ ಅವರಿಗೊಬ್ಬ ಡಾಕ್ಟರ್ ಇರುತ್ತಾರೆ, ಒಂದು ಬಾಕಿ ಬಿಲ್ಲು ಇರುತ್ತದೆ, ಏನೋ ಗೊಂದಲವಾಗಿದೆ ಅನ್ನುವ ಸುದ್ದಿ ಕಿವಿಗೆ ಬಿದ್ದಿರುತ್ತದೆ. ದಾಳಿ ಮಾಡಿದವರು ಒಬ್ಬರು, ಡೇಟಾ ಇಟ್ಟುಕೊಂಡವರು ಇನ್ನೊಬ್ಬರು, ಆ ಗಲಿಬಿಲಿಯಲ್ಲಿ ಜೇಬಿಗೆ ಕೈ ಹಾಕಿದವರು ಮೂರನೆಯವರು.

ನಿಜವಾದ ಪತ್ರಗಳು ಹೊರಟದ್ದು ಜುಲೈ ಕೊನೆಗೆ. ಏಪ್ರಿಲ್‌ನಲ್ಲಿ ಕಂಪನಿ ಒಂದು ಸಹಾಯವಾಣಿ, ಎರಡು ವರ್ಷದ ಉಚಿತ ಕ್ರೆಡಿಟ್ ನಿಗಾ ಸೇವೆ (ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ತೆಗೆದರೆ ತಿಳಿಸುವುದು) ಅಂತ ಮಾಡಿತ್ತು, ನಿಜ. ಆದರೆ ನಿಮ್ಮದೇ ಮಾಹಿತಿ ಹೋಗಿದೆ ಅಂತ ಹೆಸರು ಹಾಕಿ ಬರೆದ ಕಾಗದ ಬರಲು ಐದು ತಿಂಗಳು. ಬಂದಾಗಲೂ ಏನಾಯಿತು? ಚೇಂಜ್ ಹೆಲ್ತ್‌ಕೇರ್ ಅನ್ನುವ ಹೆಸರನ್ನೇ ಕೇಳದವರ ಮನೆಗೆ, ನಿಮ್ಮ ರೋಗದ ವಿವರ, ವಿಮೆ ನಂಬರ್, ಕೆಲವರದಾದರೆ ಸೋಷಿಯಲ್ ಸೆಕ್ಯುರಿಟಿ ನಂಬರ್ (ನಮ್ಮ ಆಧಾರ್ ನಂಬರಿನ ಥರದ್ದು) ಕೂಡ ಕಳುವಾಗಿರಬಹುದು, ಈ ನಂಬರಿಗೆ ಫೋನ್ ಮಾಡಿ, ಈ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿ ಅಂತ ಪತ್ರ. ಓದಿದರೆ ಇದೇ ಮೋಸದ ಪತ್ರದ ಹಾಗೆ ಕಾಣುತ್ತದೆ! ಅತ್ತ ಮೋಸದ ಫೋನಿನಲ್ಲಿ ಪರಿಚಯದ ಆಸ್ಪತ್ರೆಯ ಹೆಸರು, ಸಿಹಿ ಮಾತು. ಯಾವುದನ್ನು ನಂಬುತ್ತಾರೆ ಜನ?

ಎಷ್ಟು ಜನರದು ಹೋಗಿದೆ ಅನ್ನುವ ಲೆಕ್ಕ ಬೆಳೆಯುತ್ತಲೇ ಹೋಯಿತು. 2024ರ ಅಕ್ಟೋಬರ್‌ನಲ್ಲಿ 10 ಕೋಟಿ ಅಂದರು. 2025ರ ಜನವರಿಯಲ್ಲಿ 19 ಕೋಟಿ. ಆಮೇಲೆ 19.27 ಕೋಟಿ. ಅಮೆರಿಕದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ.

ನಮ್ಮ ಕಡೆಯೂ ಇಂಥ ನಡುಕೊಂಡಿಗಳಿವೆ. 2024ರ ಜುಲೈ 31ರಂದು ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಕಂಪನಿಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ, ಯುಪಿಐ ನಡೆಸುವ ಎನ್‌ಪಿಸಿಐ ಅದರ ಸಂಪರ್ಕ ಕಡಿದು ಹಾಕಿತು, ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತವು. ಮರುದಿನ ಸರಿಹೋಯಿತು. ಆ ಗ್ರಾಹಕರಲ್ಲಿ ಎಷ್ಟು ಜನ ಸಿ-ಎಡ್ಜ್ ಹೆಸರು ಕೇಳಿದ್ದರು? ಮೋಸ ಹೋದವರನ್ನೇ ಹುಡುಕಿ ಬರುವವರಿಗೂ ಇಲ್ಲಿ ಬರವಿಲ್ಲ. ಸೈಬರ್ ಪೊಲೀಸ್ ಅಂತ ಹೇಳಿಕೊಂಡು, ನೀವು ಕಳಕೊಂಡ ದುಡ್ಡು ಸಿಕ್ಕಿದೆ, ಬಿಡಿಸಿಕೊಳ್ಳಲು ಪ್ರೊಸೆಸಿಂಗ್ ಫೀ ಕಟ್ಟಿ ಅಂತ ಕೇಳುವವರು ಇದ್ದಾರೆ. ಸರ್ಕಾರದ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಲು ಒಂದು ರೂಪಾಯಿ ಶುಲ್ಕವೂ ಇಲ್ಲ.

ಹಿಂದೆ ನಿಂತಿರುವ ಸಾಲು

ಚೇಂಜ್ ಪ್ರಕರಣದಿಂದ ಸ್ವಲ್ಪ ಹೊರಗೆ ಬಂದು ನೋಡಿದರೆ, ಒಂದು ಸಲ ದಾಳಿಗೆ ಸಿಕ್ಕಿದವರ ಮನೆ ಮುಂದೆ ಎಂಥೆಂಥವರು ಕ್ಯೂ ನಿಲ್ಲುತ್ತಾರೆ ಅಂತ ಕಾಣುತ್ತದೆ.

2023ರ ಅಕ್ಟೋಬರ್, ನವೆಂಬರ್‌ನಲ್ಲಿ ನಡೆದ ಎರಡು ಘಟನೆಗಳನ್ನು ಆರ್ಕ್ಟಿಕ್ ವುಲ್ಫ್ ಅನ್ನುವ ಭದ್ರತಾ ಕಂಪನಿ ವಿವರಿಸಿತ್ತು. ರಾಯಲ್, ಅಕಿರಾ ಅನ್ನುವ ಗುಂಪುಗಳಿಂದ ಏಟು ತಿಂದಿದ್ದ ಎರಡು ಸಂಸ್ಥೆಗಳನ್ನು ಆಮೇಲೆ ಯಾರೋ ಸಂಪರ್ಕಿಸಿದರು. ಒಂದು ಕಡೆ ಹೆಸರು ಎಥಿಕಲ್ ಸೈಡ್ ಗ್ರೂಪ್, ಇನ್ನೊಂದು ಕಡೆ ಬೇರೆ ಅಡ್ಡಹೆಸರು. ನಾವು ಸಂಶೋಧಕರು, ಒಳ್ಳೆಯವರು, ಕಳ್ಳರ ಸರ್ವರ್ ನಮ್ಮ ಕೈಗೆ ಸಿಕ್ಕಿದೆ, ನಿಮ್ಮ ಡೇಟಾ ಅಲ್ಲಿದೆ, ಅಳಿಸಿ ಕೊಡುತ್ತೇವೆ, ಫೀಸು 5 ಬಿಟ್‌ಕಾಯಿನ್‌ವರೆಗೆ. ಅಂದರೆ ಸುಮಾರು 1.9 ಲಕ್ಷ ಡಾಲರ್. ಡೇಟಾ ಕೈಯಲ್ಲಿದೆ ಅಂತ ತೋರಿಸಲು ಸ್ಯಾಂಪಲ್ ಬೇರೆ. ಎರಡೂ ಮೇಲ್‌ಗಳ ಭಾಷೆ ಪಕ್ಕಪಕ್ಕ ಇಟ್ಟು ನೋಡಿದಾಗ ಅದೇ ಅದೇ ಮಾತುಗಳು ಸಿಕ್ಕಿದವು, ಇಬ್ಬರೂ ಒಬ್ಬನೇ ಇರಬೇಕು ಅನ್ನಿಸುವಷ್ಟು.

ಇನ್ನೂ ಕೀಳು ಕೆಲಸ 2020ರದು. ಸ್ಟಾಪ್ ಡಿಜೆವಿಯು ಅನ್ನುವ ರ‍್ಯಾನ್ಸಮ್‌ವೇರ್ ಮನೆ ಕಂಪ್ಯೂಟರ್‌ಗಳಿಗೆ ಹೆಚ್ಚು ತಗಲುತ್ತಿತ್ತು, ಬಿಟ್ಟಿ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಲು ಹೋದ ಹುಡುಗರು, ವಿದ್ಯಾರ್ಥಿಗಳು ಅದಕ್ಕೆ ಸಿಕ್ಕಿಬೀಳುತ್ತಿದ್ದರು. ಅಂಥವರಿಗೆ ಉಚಿತವಾಗಿ ಬೀಗ ತೆಗೆದು ಕೊಡುತ್ತೇವೆ ಅಂತ ಯಾರೋ ಒಂದು ಪ್ರೋಗ್ರಾಂ ಹರಿಯಬಿಟ್ಟರು. ಓಡಿಸಿದರೆ, ಮೊದಲೇ ಬೀಗ ಬಿದ್ದಿದ್ದ ಫೈಲುಗಳಿಗೆ ಝೋರಾಬ್ ಅನ್ನುವ ಇನ್ನೊಂದು ಬೀಗ! ಗಾಯದ ಮೇಲೆ ಬರೆ.

2025ರ ಮಾರ್ಚ್‌ನಲ್ಲಿ ಅಮೆರಿಕದ ಕಂಪನಿ ಮುಖ್ಯಸ್ಥರಿಗೆ ಅಂಚೆಯಲ್ಲಿ ಕಾಗದದ ಪತ್ರ ಬಂತು. ಬಿಯಾನ್‌ಲಿಯಾನ್ ಗುಂಪಿನ ಹೆಸರು, ತಕ್ಷಣ ಓದಿ ಅಂತ ಲಕೋಟೆಯ ಮೇಲೆ ಮುದ್ರೆ, ಕಳಿಸಿದವರ ವಿಳಾಸ ಬೋಸ್ಟನ್, ಒಳಗೆ ದುಡ್ಡು ಕಳಿಸಲು ಕ್ಯೂಆರ್ ಕೋಡ್, ಬೇಡಿಕೆ 2.5 ಲಕ್ಷದಿಂದ 5 ಲಕ್ಷ ಡಾಲರ್. ಎಫ್‌ಬಿಐ ಎಚ್ಚರಿಕೆ ಕೊಟ್ಟಿತು, ಆ ಗುಂಪಿಗೂ ಈ ಪತ್ರಕ್ಕೂ ಸಂಬಂಧ ಕಾಣುತ್ತಿಲ್ಲ ಅಂತ. ದಾಳಿಯನ್ನೇ ಮಾಡದೆ ದಾಳಿಯ ಬಾಡಿಗೆ ಕೇಳುವ ಐಡಿಯಾ. ಒಂದು ಸ್ಟಾಂಪಿನ ಖರ್ಚು.

ಸಹಾಯಕ್ಕೆ ಬರುವವರೇ ಕಳ್ಳರಾದರೆ? ಅದೂ ಆಗಿದೆ, ಅದೂ ಇದೇ ಬ್ಲ್ಯಾಕ್‌ಕ್ಯಾಟ್ ಜೊತೆ. ಸೈಬರ್ ದಾಳಿಯಾದಾಗ ಕಂಪನಿಗಳಿಗೆ ನೆರವಾಗುವ ಸಂಸ್ಥೆಗಳಲ್ಲಿ ಕೆಲಸಕ್ಕಿದ್ದ ಇಬ್ಬರು ಅಮೆರಿಕನ್ನರು 2023ರಲ್ಲಿ ಬ್ಲ್ಯಾಕ್‌ಕ್ಯಾಟ್‌ನ ಗುತ್ತಿಗೆ ಕಳ್ಳರಾಗಿದ್ದರು. ಒಬ್ಬನ ಕೆಲಸ ದಾಳಿಯ ನಂತರದ ಪರಿಹಾರ ಕಾರ್ಯ ನೋಡಿಕೊಳ್ಳುವುದು, ಇನ್ನೊಬ್ಬನ ಕೆಲಸ ಸಂತ್ರಸ್ತರ ಪರವಾಗಿ ಕಳ್ಳರ ಜೊತೆ ಚೌಕಾಸಿ ಮಾಡುವುದು! ಮೇಲಿನವರಿಗೆ ಶೇ 20 ಕೊಡುವ ಒಪ್ಪಂದ. ಫ್ಲಾರಿಡಾದ ಟ್ಯಾಂಪಾದಲ್ಲಿನ ವೈದ್ಯಕೀಯ ಉಪಕರಣ ಕಂಪನಿಯೊಂದರಿಂದ ಸುಮಾರು 12.7 ಲಕ್ಷ ಡಾಲರ್ ವಸೂಲಿ ಮಾಡಿದರು. 2025ರ ಡಿಸೆಂಬರ್‌ನಲ್ಲಿ ಇಬ್ಬರೂ ತಪ್ಪೊಪ್ಪಿಕೊಂಡರು.

ಹಾಗಾದರೆ 2.2 ಕೋಟಿ ಡಾಲರಿಗೆ ಬಂದದ್ದೇನು

ಚೇಂಜ್‌ನ ಬ್ಯಾಕಪ್‌ಗಳೂ ಅದೇ ನೆಟ್‌ವರ್ಕಿನಲ್ಲಿದ್ದು ಅವಕ್ಕೂ ಬೀಗ ಬಿದ್ದಿತ್ತು ಅಂತ ವಿಟ್ಟಿ ಸೆನೆಟ್‌ನಲ್ಲಿ ಹೇಳಿದರು. ಇಡೀ ವ್ಯವಸ್ಥೆಯನ್ನು ತಳದಿಂದ ಹೊಸದಾಗಿ ಕಟ್ಟಬೇಕಾಯಿತು ಅಂತಲೂ ಹೇಳಿದರು. ಅಂದರೆ ಕೀಯಿಂದ ಆದ ಉಪಕಾರ ಅಷ್ಟಕ್ಕಷ್ಟೇ. ಒಟ್ಟು ಖರ್ಚು 2024ರಲ್ಲಿ ಸುಮಾರು 300 ಕೋಟಿ ಡಾಲರ್ ಮುಟ್ಟಿತು. ಅದರ ಮುಂದೆ 2.2 ಕೋಟಿ ಚಿಲ್ಲರೆ ಕಾಸು, ಕಂಪನಿಯವರು ಹಾಗೇ ಯೋಚಿಸಿ ಕೊಟ್ಟಿರಬಹುದು, ಹೋದರೆ ಹೋಗಲಿ, ರೋಗಿಗಳ ಡೇಟಾ ಉಳಿದರೆ ಉಳಿಯಲಿ ಅಂತ.

ಆದರೆ ಆ ಚಿಲ್ಲರೆ ಕಾಸೇ ಬ್ಲ್ಯಾಕ್‌ಕ್ಯಾಟ್ ಮೇಲಿನವರಿಗೆ ಓಡಿ ಹೋಗಲು ಗಂಟಾಯಿತು. ಪಾಲು ಸಿಗದವನು ಡೇಟಾ ಹಿಡಿದುಕೊಂಡು ಇನ್ನೊಂದು ಅಂಗಡಿಗೆ ಹೋದ. 2025ರ ಏಪ್ರಿಲ್‌ನಲ್ಲಿ ಆ ಅಂಗಡಿಯೂ, ರ‍್ಯಾನ್ಸಮ್‌ಹಬ್, ದಿಢೀರಂತ ಬಾಗಿಲು ಹಾಕಿತು, ಅಲ್ಲಿದ್ದವರು ಚಿಲಿನ್‌ನಂಥ ಬೇರೆ ಗುಂಪುಗಳಿಗೆ ಚದುರಿದರು. ಹೀಗೆ ಕೈ ಬದಲಾಯಿಸುವ ಡೇಟಾದ ಬಗ್ಗೆ ಯಾರು ಯಾರಿಗೆ ಮಾತು ಕೊಡುವುದು?

ನನ್ನ ತಕರಾರು ಇಷ್ಟೇ. ಬೀಗ ಬಿದ್ದ ಒಂಬತ್ತನೇ ದಿನಕ್ಕೆ ಕಳ್ಳರಿಗೆ ದುಡ್ಡು ಹೋಯಿತು. ರೋಗಿಗಳಿಗೆ ಪತ್ರ ಹೊರಡಲು ಐದು ತಿಂಗಳು ಬೇಕಾಯಿತು. ಯಾರ ಯಾರ ಡೇಟಾ ಹೋಗಿದೆ ಅಂತ ಫೈಲು ಬಿಚ್ಚಿ ಲೆಕ್ಕ ಹಾಕಲು ಸಮಯ ಬೇಕು, ಒಪ್ಪುತ್ತೇನೆ. ಆದರೆ ಮೂರು ಸಾಲು ಬರೆಯಲು ಲೆಕ್ಕ ಬೇಕಿರಲಿಲ್ಲ: ನಾವು ಯಾರು, ನಿಮ್ಮ ಬಿಲ್ಲು ನಮ್ಮ ಕೈಗೆ ಯಾಕೆ ಬಂದಿತ್ತು, ರೀಫಂಡ್ ಅಂತ ಫೋನ್ ಬಂದರೆ ಅದು ನಾವಲ್ಲ. ಮಾರ್ಚ್ ಮೊದಲ ವಾರದಲ್ಲೇ ಆಸ್ಪತ್ರೆ, ಔಷಧದಂಗಡಿಗಳ ಕೌಂಟರಿನಲ್ಲಿ ಇದನ್ನು ಅಂಟಿಸಿದ್ದರೆ ಕಾರ್ಡ್ ನಂಬರ್ ಕೇಳಿ ಬಂದ ಆ ಫೋನುಗಳನ್ನು ಬಹಳ ಜನ ಅಲ್ಲೇ ಕಟ್ ಮಾಡುತ್ತಿದ್ದರು.